ಮಗ್ಗ ನಿಂತ ಮಧ್ಯಾಹ್ನ

ಅತ್ತಿಯ ಮುಂದೆ ಸುಳ್ಳು ಹೇಳಬೇಕೆಂದು ನಾವು ಮೂವರೂ ಒಪ್ಪಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ. ರೋಣದ ನಾನು, ನರಗುಂದದ ತಂಗಿ, ಗಜೇಂದ್ರಗಡದ ತಮ್ಮ, ಈ ಮೂವರೂ ಒಂದು ಮಾತಿಗೆ ಒಪ್ಪುವುದೆಂದರೆ ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ಹಾಗೆ. ಮನೆಗೆ ಯಾವ ಬಣ್ಣ ಹಚ್ಚಬೇಕು ಎನ್ನುವುದಕ್ಕೇ ವರ್ಷಗಟ್ಟಲೆ ಜಗಳಾಡಿದವರು ನಾವು. ಅಂಥವರು ಆ ದಿನ ಆರಿ ತಣ್ಣಗಾದ ಚಹಾದ ಮುಂದೆ ಕೂತು ತಕರಾರಿಲ್ಲದೆ ಒಪ್ಪಿಬಿಟ್ಟೆವು. ಡಾಕ್ಟರು ಹೇಳಿದ್ದನ್ನು ಅತ್ತಿಯ ಮುಂದೆ ಹೇಳಬಾರದು. ‘ಒಂದಿಷ್ಟು ದಿನ ರಕ್ತ ತೊಳೆಸಿದರೆ ಆರಾಮಾಗುತ್ತದೆ, ಆಮೇಲೆ ಮನೆಗೆ ಹೋಗುವುದು’ ಎಂದಷ್ಟೇ ಹೇಳಬೇಕು.

ಅತ್ತಿ ಎಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಮದುವೆಯಾಗಿ ಹೋದ ಕೆಲವೇ ದಿನಗಳಲ್ಲಿ ಗಂಡನನ್ನು ಕಳೆದುಕೊಂಡು ಗಜೇಂದ್ರಗಡದ ತವರಿಗೆ ತಿರುಗಿ ಬಂದವಳು. ನಮ್ಮವ್ವ ತಮ್ಮನನ್ನು ಹೆತ್ತು ಬಾಣಂತಿತನದಲ್ಲೇ ತೀರಿಕೊಂಡಾಗ, ಯಾರೂ ಹೇಳದೆಯೇ ನಮ್ಮ ಮೂವರನ್ನೂ ಉಡಿಯಲ್ಲಿ ಹಾಕಿಕೊಂಡಳು. ನಮ್ಮದು ಸೀರೆ ನೇಯುವ ಮನೆ. ಪಡಸಾಲೆಯ ನೆಲದಲ್ಲೇ ಕುಣಿ ತೋಡಿ ಕೂಡಿಸಿದ ಮಗ್ಗ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ಅತ್ತಿ ಪಕ್ಕದಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿ ಇಡುವ ನೂಲಿನ ಸುತ್ತು. ಅಪ್ಪ ಹೋದ ಮೇಲೆ ತಮ್ಮ ಕುಣಿಗೆ ಇಳಿದ. ಅತ್ತಿ ಮಾತ್ರ ರಾಟಿ ಬಿಟ್ಟು ಏಳಲಿಲ್ಲ. ಕೈಯಲ್ಲಿ ನೂಲು, ಬಾಯಲ್ಲಿ ಎಲೆ-ಅಡಿಕೆ, ಮತ್ತು ಆ ಬಾಯಿಂದಲೇ ಓಣಿಯ ಮಂದಿಗೆಲ್ಲ ಬುದ್ಧಿಮಾತು. ನನ್ನ ಬಾಯಿ ಜೋರು ಎಂದು ನನ್ನ ಗಂಡ ಇವತ್ತಿಗೂ ಗೊಣಗುತ್ತಾನೆ. ಅದು ಎಲ್ಲಿಂದ ಬಂತೆಂದು ಅವನಿಗೆ ಚೆನ್ನಾಗಿ ಗೊತ್ತು.

ಮೊದಲು ಅವಳ ಕಾಲು ಬಾತವು. ಆಮೇಲೆ ಊಟ ಸೇರದಾಯಿತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬಿ.ಪಿ. ಗುಳಿಗೆಯನ್ನು ಅತ್ತಿ ಏಕಾದಶಿ ಉಪವಾಸದ ಹಾಗೆ ಆಗೊಮ್ಮೆ ಈಗೊಮ್ಮೆ ಮನಸ್ಸಿಗೆ ಬಂದಾಗ ನುಂಗಿದವಳು. ಊರಿನ ಡಾಕ್ಟರು ಗದಗಿಗೆ ಕಳಿಸಿದರು, ಗದಗಿನವರು ಹುಬ್ಬಳ್ಳಿಗೆ. ಹುಬ್ಬಳ್ಳಿಯ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು: ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ, ಹೃದಯವೂ ಸೋತಿದೆ, ಈ ವಯಸ್ಸಿಗೆ ಬೇರೆ ಕಿಡ್ನಿ ಹಾಕುವ ಮಾತಿಲ್ಲ. ಉಳಿದದ್ದು ಡಯಾಲಿಸಿಸ್. ಇರುವವರೆಗೂ ಡಯಾಲಿಸಿಸ್.

‘ಹುಬ್ಬಳ್ಯಾಗ ಮನಿ ಹಿಡಿಯೂಣು, ಇಲ್ಲೇ ದೊಡ್ಡ ದವಾಖಾನ್ಯಾಗ ಮಾಡಸೂಣು’ ಎಂದಳು ತಂಗಿ. ನರಗುಂದದ ವ್ಯಾಪಾರಸ್ಥರ ಮನೆಯ ಸೊಸೆ ಅವಳು. ದೊಡ್ಡದಾಗಿದ್ದರೆ ಚಲೋ ಇರುತ್ತದೆ ಎನ್ನುವ ನಂಬಿಕೆ ಅವಳಿಗೆ ಅತ್ತೆಮನೆಯ ಬಳುವಳಿ. ತಮ್ಮನದು ಮೊದಲಿಂದಲೂ ಮಾತು ಕಡಿಮೆ. ನಾನು ರೋಣದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನಗೆ ಲೆಕ್ಕ ಕಣ್ಣ ಮುಂದೆಯೇ ಬಿಡಿಸಿಕೊಂಡಿತು. ರೋಣದ ಸರಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಇದೆ. ನನ್ನ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಹೋಗಿ ಬರಬಹುದು. ಗಜೇಂದ್ರಗಡದಿಂದ ಆ ಸ್ಥಿತಿಯಲ್ಲಿ ದಿನ ಬಿಟ್ಟು ದಿನ ಓಡಾಡಿಸಲು ಆಗುವುದಿಲ್ಲ. ಅಂದಮೇಲೆ ಅತ್ತಿ ನನ್ನ ಮನೆಯಲ್ಲಿ ಇರಬೇಕು. ಯಾರೂ ಎದುರಾಡಲಿಲ್ಲ. ನಮ್ಮಲ್ಲಿ ಯಾರಿಗೂ ಅತ್ತಿಯನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಕೇಳಬೇಕೆಂದರೆ ಮೊದಲು ನಿಜ ಹೇಳಬೇಕಾಗುತ್ತಿತ್ತು.

ಹೀಗೆ ಅತ್ತಿ ರೋಣಕ್ಕೆ ಬಂದಳು. ಮೊದಲ ದಿನ ಯಂತ್ರದ ಪಕ್ಕದ ಹಾಸಿಗೆಯಲ್ಲಿ ಅವಳನ್ನು ಮಲಗಿಸಿದಾಗ ನಾನು ತರಗತಿಯಲ್ಲಿ ನಿಂತವಳ ಹಾಗೆ ಪಾಠ ಶುರು ಮಾಡಿದೆ. ರಕ್ತ ಈ ನಳಿಗೆಯಿಂದ ಹೋಗುತ್ತದೆ, ಇಲ್ಲಿ ಸ್ವಚ್ಛವಾಗುತ್ತದೆ, ಆ ನಳಿಗೆಯಿಂದ ವಾಪಸು ಬರುತ್ತದೆ. ಅತ್ತಿ ಸೂರು ನೋಡುತ್ತ ಕೇಳಿಸಿಕೊಂಡಳು. ‘ತಿಳೀತ?’ ಎಂದೆ. ‘ತಿಳೀತ್ರಿ ಟೀಚರ’ ಎಂದಳು. ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಅವಳ ಎಡಗೈಯ ನರಗಳನ್ನು ಜೋಡಿಸಿ ಹೊಲಿದರು, ಸೂಜಿ ಚುಚ್ಚಲು ಅನುಕೂಲವಾಗಲೆಂದು. ಆ ಜಾಗದಲ್ಲಿ ಬೆರಳಿಟ್ಟರೆ ಒಳಗೆ ಗುಂಯ್ ಎನ್ನುತ್ತಿತ್ತು. ಅತ್ತಿ ಕೈಯನ್ನು ಕಿವಿಗೆ ಹಚ್ಚಿಕೊಂಡು ಕೇಳಿ, ‘ಏ, ಒಳಗ ರಾಟಿ ತಿರಗಾಕತ್ತೈತಿ!’ ಎಂದಳು. ಆಸ್ಪತ್ರೆಗೆ ಬರುವವರಿಗೆಲ್ಲ ಕೈ ಚಾಚಿ ಅದನ್ನು ಕೇಳಿಸುತ್ತಿದ್ದಳು. ಬೆಳವಣಕಿಯಿಂದ ಬರುತ್ತಿದ್ದ ಒಬ್ಬ ಗೌಡರಿಗೂ ಅಂಥದೇ ಕೈ. ಇಬ್ಬರೂ ಯಾರ ರಾಟಿ ಜೋರಾಗಿ ತಿರುಗುತ್ತದೆ ಎಂದು ಪಂಥ ಕಟ್ಟುತ್ತಿದ್ದರು.

ಆದರೆ ಮನೆಗೆ ಬಂದ ಮೇಲೆ ಆ ನಗು ಇರುತ್ತಿರಲಿಲ್ಲ. ಯಂತ್ರದಿಂದ ಎದ್ದ ದಿನ ಅವಳಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಬಿ.ಪಿ. ಇಳಿದು, ಮೀನಖಂಡ ಹಿಡಿದುಕೊಂಡು, ಕಣ್ಣು ಬಿಗಿಮುಚ್ಚಿ ಮಲಗುತ್ತಿದ್ದಳು. ಮರುದಿನವೂ ಹಾಸಿಗೆ. ಸ್ವಲ್ಪ ಚೇತರಿಸಿಕೊಂಡು ಎದ್ದು ಕೂತಳು ಎನ್ನುವಷ್ಟರಲ್ಲಿ ಮತ್ತೆ ಯಂತ್ರದ ದಿನ ಬರುತ್ತಿತ್ತು. ನೀರಿಗೆ ಮಿತಿ. ಉಪ್ಪಿಗೆ, ಬೇಳೆಗೆ, ಬಾಳೆಹಣ್ಣಿಗೆ ಮಿತಿ. ನೀರಿನ ಅಳತೆಯನ್ನು ನಾನು ಕಟ್ಟುನಿಟ್ಟಾಗಿ ಕಾಯುತ್ತಿದ್ದೆ. ಬೇಸಿಗೆಯಲ್ಲಿ ಅವಳು ಒಣಗಿದ ತುಟಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, ‘ಒಂದ ಗುಟುಕು’ ಎಂದರೆ, ‘ಆಗಂಗಿಲ್ಲ’ ಎನ್ನುತ್ತಿದ್ದೆ. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದೆ, ಆದರೆ ನೀರು ಕೊಡುತ್ತಿರಲಿಲ್ಲ. ಅವಳು ಬದುಕಬೇಕಿತ್ತು. ನನಗೆ ಬೇಕಾದದ್ದು ಅದೊಂದೇ.

‘ನಿಮ್ಮೂರಾಗ ಮಂದಿ ಕೆಲಸ ಮಾಡೂದಿಲ್ಲೇನ?’ ಎಂದು ಒಂದು ದಿನ ಕೇಳಿದಳು. ‘ಹಗಲೆಲ್ಲಾ ಸಪ್ಪಳಿಲ್ಲ ಸದ್ದಿಲ್ಲ.’ ನನ್ನ ಮನೆ ಇರುವುದು ನೌಕರಿಯವರ ಬಡಾವಣೆಯಲ್ಲಿ. ಹತ್ತು ಹೊಡೆದ ಮೇಲೆ ಅಲ್ಲಿ ನಾಯಿ ಕೂಡ ಬೊಗಳುವುದಿಲ್ಲ. ಹುಟ್ಟಿದಾಗಿನಿಂದ ಲಾಳಿಯ ಟಕ್-ಟಕ್ ನಡುವೆ ಬದುಕಿದವಳಿಗೆ ಹಗಲು ನಿದ್ದೆಯೇ ಹತ್ತುತ್ತಿರಲಿಲ್ಲ. ನಾನು ಟಿ.ವಿ. ಹಚ್ಚಿಟ್ಟು ಶಾಲೆಗೆ ಹೋಗುತ್ತಿದ್ದೆ. ಬಂದು ನೋಡಿದರೆ ಅವಳು ಟಿ.ವಿ.ಗೆ ಬೆನ್ನು ಮಾಡಿ ಗೋಡೆ ನೋಡುತ್ತ ಮಲಗಿರುತ್ತಿದ್ದಳು.

‘ಇದು ಯಾವಾಗ ಮುಗೀತೈತಿ?’ ಎಂದು ಪ್ರತಿ ಸಲ ಆಟೋ ಹತ್ತುವಾಗ ಕೇಳುತ್ತಿದ್ದಳು.

‘ಇನ್ನೊಂದಿಷ್ಟ ದಿನ ಅತ್ತಿ.’

ತಿಂಗಳುಗಳು ಹೋದವು. ಊರಿಗೆ ಹೋಗಿ ಬರುತ್ತೇನೆಂದು ಹಟ ಹಿಡಿದಾಗ, ಭಾನುವಾರ ಸೇರಿ ಎರಡು ದಿನ ಬಿಡುವು ಬರುವುದನ್ನು ನೋಡಿಕೊಂಡು ಹೋಗಿ ಬರಲು ಡಾಕ್ಟರು ಒಪ್ಪಿದರು. ತಂಗಿಯ ಮನೆಯ ಕಾರು ಬಂತು. ದಾರಿಯಲ್ಲಿ ಸೂಡಿ ಊರು ದಾಟುವಾಗ ಅತ್ತಿ ಕಾರಿನ ಕಿಟಕಿ ಇಳಿಸಿ ಎರಡೂ ಕಡೆಯ ಹೊಲ ನೋಡುತ್ತ, ಯಾರ ಜೋಳ ಹೇಗೆ ಬಂದಿದೆ ಎಂದು ಟೀಕೆ ಮಾಡುತ್ತ ಕೂತಳು. ಗಜೇಂದ್ರಗಡದ ಓಣಿಗೆ ಇಳಿದು ಮಗ್ಗಗಳ ಸಪ್ಪಳ ಕೇಳಿದ್ದೇ ಅವಳ ಮುಖ ಬದಲಾಯಿತು. ಆ ರಾತ್ರಿ ಅವಳು ನಿದ್ದೆ ಮಾಡಿದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮನೆಯಲ್ಲಿ ಮೆತ್ತನೆಯ ಗಾದಿ, ಫ್ಯಾನು, ಪಕ್ಕದಲ್ಲೇ ಬಚ್ಚಲು. ಇಲ್ಲಿ ಕೌದಿಯ ಮೇಲೆ, ಕುಣಿಯ ಪಕ್ಕದಲ್ಲಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಮರುದಿನ ಮಧ್ಯಾಹ್ನ ನಡೆದದ್ದು ತಮ್ಮ ಪ್ರೀತಿಯಿಂದ ಮಾಡಿದ ತಪ್ಪು. ಊಟವಾದ ಮೇಲೆ ಅತ್ತಿ ಕಣ್ಣು ಮುಚ್ಚಿದಳು. ಅವಳ ನಿದ್ದೆ ಕೆಡಬಾರದೆಂದು ತಮ್ಮ ಲಾಳಿ ಇಟ್ಟು ಕುಣಿಯಿಂದ ಮೇಲೆದ್ದ. ಅಷ್ಟಕ್ಕೆ ಬಿಡಲಿಲ್ಲ. ಎಡ ಬಲದ ಮನೆಗಳಿಗೆ ಹೋಗಿ, ‘ಅತ್ತಿ ಮಲಗ್ಯಾಳ, ಒಂದೀಟ ಹೊತ್ತು ಬಂದ್ ಮಾಡ್ರಿ’ ಎಂದು ಹೇಳಿ ಬಂದ. ಅತ್ತಿ ಎಂದರೆ ಓಣಿಗೆಲ್ಲ ಮರ್ಯಾದೆ. ಅವರು ನಿಲ್ಲಿಸಿದರು. ಅವರು ನಿಲ್ಲಿಸಿದ್ದು ಕೇಳಿ ಆಚೆ ಮನೆಯವರು ನಿಲ್ಲಿಸಿದರು, ಅವರನ್ನು ಕೇಳಿ ಇನ್ನೊಂದು ಮನೆಯವರು. ನೋಡನೋಡುತ್ತಲೇ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಸುಮ್ಮಗಾಯಿತು. ‘ಚಲೋ ಮಾಡಿದಿ’ ಎಂದು ನಾನೇ ತಮ್ಮನ ಬೆನ್ನು ತಟ್ಟಿದೆ.

ನೇಕಾರರ ಓಣಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ನಮ್ಮಲ್ಲಿ ಹಗಲು ಹೊತ್ತು ಓಣಿಯ ಮಗ್ಗವೆಲ್ಲ ನಿಲ್ಲುವುದು ಅಮಾವಾಸ್ಯೆಗೆ, ಇಲ್ಲವೇ ಸಾವಿಗೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಮನೆಬಿಟ್ಟು ಹೋಗುವವರೆಗೆ ಯಾರೂ ಲಾಳಿ ಹೊಡೆಯುವುದಿಲ್ಲ, ಒಲೆ ಹಚ್ಚುವುದಿಲ್ಲ. ಮನೆಮನೆಗೆ ಹೋಗಿ ಸುದ್ದಿ ಹೇಳುವ ಪದ್ಧತಿಯೂ ಇಲ್ಲ. ಸಪ್ಪಳ ನಿಂತರೆ ಅದೇ ಸುದ್ದಿ. ಜನ ಕೈಕಾಲು ತೊಳೆದುಕೊಂಡು ತಾವೇ ಹೊರಡುತ್ತಾರೆ. ಅತ್ತಿಯ ನಿದ್ದೆಯ ಚಿಂತೆಯಲ್ಲಿ ನನಗೂ ತಮ್ಮನಿಗೂ ಅದು ಹೊಳೆಯಲಿಲ್ಲ.

ನಾನೂ ತಮ್ಮನ ಹೆಂಡತಿಯೂ ಅಡುಗೆಮನೆಯಲ್ಲಿ ಅತ್ತಿಗೆಂದು ಉಪ್ಪಿಲ್ಲದ ಉಪ್ಪಿಟ್ಟು ಮಾಡುತ್ತಿದ್ದೆವು. ಹಿಂದಿನಿಂದ ದನಿ ಬಂತು.

‘ಒಲಿ ಯಾಕ ಹಚ್ಚೀರಿ? ಆರಸ್ರಿ ಮದ್ಲ!’

ತಿರುಗಿ ನೋಡಿದರೆ ಅತ್ತಿ. ಎದ್ದು ಮುಖ ತೊಳೆದುಕೊಂಡಿದ್ದಾಳೆ, ಸೆರಗು ತಲೆ ಮೇಲೆ ಹೊದ್ದಿದ್ದಾಳೆ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ. ಒಬ್ಬಳೇ ಎದ್ದು ನಿಂತು ಎಷ್ಟು ದಿನಗಳಾಗಿದ್ದವೋ. ‘ಯಾರು ಹ್ವಾದ್ರು? ಮೂಲಿಮನಿ ಅಣ್ಣ ಹ್ವಾದ್ನೇನು?’

‘ಯಾರೂ ಇಲ್ಲ ಅತ್ತಿ. ಎಲ್ಲಾರೂ ಆರಾಮದಾರ.’

‘ನನಗ ಸುಳ್ಳ ಹೇಳಬ್ಯಾಡ. ಓಣಿ ನಿಂತೈತಿ.’

ನಾನು ಹಿಡಿಯುವುದರೊಳಗೆ ಗೋಡೆ ಹಿಡಿದುಕೊಂಡು ಹೊರಗೆ ನಡೆದಳು. ನಾನು ಹಿಂದೆ ಓಡಿದೆ. ಅವಳು ಹೊಸ್ತಿಲು ದಾಟಿ ಕಟ್ಟೆಗೆ ಬರುವುದಕ್ಕೂ, ಅತ್ತಿ ಅಣ್ಣ ಎನ್ನುವ ಮೂಲೆಮನೆಯ ಮುದುಕ, ನಮಗೆಲ್ಲ ಮುತ್ಯಾ, ಟೊಪ್ಪಿಗೆ ಹಾಕಿಕೊಂಡು ಕೋಲೂರುತ್ತ ನಮ್ಮ ಮನೆ ಮುಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

‘ತಂಗೀ, ನೀ ಇಲ್ಲೇ ನಿಂತೀಯಲ್ಲ! ನಾ ನಿನ್ನ ಮಣ್ಣಿಗಂತ ಹೊಂಟು ಬಂದೀನಿ.’

‘ಅಯ್ಯ ಅಣ್ಣಾ, ನಾ ನಿನ್ನ ಮಣ್ಣಿಗೆ ಹೊಂಟಿದ್ದೆ!’

ಅತ್ತಿ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕಳು. ಮುತ್ಯಾನೂ ನಕ್ಕ. ಎರಡು ಬೊಚ್ಚುಬಾಯಿಗಳು ಎದುರುಬದುರಾಗಿ ನಕ್ಕಿದ್ದೇ ನಕ್ಕಿದ್ದು. ಓಣಿಯ ಕೊನೆಯಿಂದ ಸೆರಗು ಹೊದ್ದು ಬರುತ್ತಿದ್ದ ಇಬ್ಬರು ಹೆಂಗಸರು ಅತ್ತಿಯನ್ನು ಕಂಡು ಅಲ್ಲೇ ನಿಂತು, ಮುಖ ಮುಖ ನೋಡಿಕೊಂಡು, ಬಂದ ದಾರಿಗೇ ತಿರುಗಿದರು. ಅವರನ್ನು ನೋಡಿದ ಮೇಲೆ ಅತ್ತಿಯ ನಗು ನಿಂತಿತು. ಯಾರೂ ಸತ್ತಿಲ್ಲ, ಆದರೂ ಓಣಿ ನಿಂತಿದೆ, ಬಂದವರೆಲ್ಲ ನೇರ ತನ್ನ ಮನೆಗೇ ಬಂದಿದ್ದಾರೆ. ಅಷ್ಟು ಸಾಕಾಯಿತು ಅವಳಿಗೆ. ಮಂದಿ ತನ್ನ ಸಾವನ್ನು ಕಾಯುತ್ತಿದ್ದಾರೆ, ತನಗೊಬ್ಬಳಿಗೆ ಅದು ಗೊತ್ತಿಲ್ಲ.

ಒಳಗೆ ಬಂದು ಕೌದಿಯ ಮೇಲೆ ಕೂತು ನನ್ನನ್ನು ಕರೆದಳು.

‘ಬಾ ಇಲ್ಲೆ. ಸಾಲ್ಯಾಗ ಹುಡುಗುರಿಗೆ ಲೆಕ್ಕ ಬಿಡಿಸಿ ಹೇಳ್ತಿಯಲ್ಲ, ನನಗೂ ಒಂದ ಬಿಡಿಸಿ ಹೇಳು. ಈ ರಕ್ತ ತೊಳಿಯೂದು ಯಾವಾಗ ಮುಗೀತೈತಿ?’

ತಮ್ಮ ಮಗ್ಗದ ಕಡೆ ನೋಡುತ್ತ ನಿಂತಿದ್ದ. ಅವನಿಂದ ನನಗೇನೂ ಸಹಾಯವಾಗುವಂತಿರಲಿಲ್ಲ.

‘ಮುಗಿಯೂದಿಲ್ಲ ಅತ್ತಿ’ ಎಂದೆ.

‘ಬಿಟ್ರ?’

‘ಬಿಟ್ರ ನೀ ಇರೂದಿಲ್ಲ.’

ಅತ್ತಿ ಎಡಗೈಯ ಮೇಲೆ ಬಲಗೈ ಇಟ್ಟುಕೊಂಡಳು. ‘ಇಷ್ಟ ಹೇಳಾಕ ನಿನಗ ಇಷ್ಟ ದಿನ ಹಿಡೀತೇನು?’ ಎಂದಳು. ಬೈದದ್ದಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ತಮ್ಮನಿಗೆ, ‘ಮಗ್ಗ ಹಾಕು. ನಾ ಇರೂತನಕ ನಿಲ್ಲಸಬ್ಯಾಡ’ ಎಂದಳು. ಅವನು ಕುಣಿಗೆ ಇಳಿದ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಲ್ಲೂ ಲಾಳಿ ಶುರುವಾಯಿತು. ‘ನಾ ಇನ್ನ ರೋಣಕ್ಕ ಬರೂದಿಲ್ಲ’ ಎಂದು ಅತ್ತಿ ಹೇಳಿದ್ದು ಆ ಸಪ್ಪಳದ ನಡುವೆಯೇ.

ಸಂಜೆ ತಂಗಿ ನರಗುಂದದಿಂದ ಬಂದಳು. ಬಂದವಳೇ ಚಪ್ಪಲಿ ಬಿಡುವ ಮೊದಲೇ ತಮ್ಮನ ಮೇಲೆ ಹರಿಹಾಯ್ದಳು. ಮಗ್ಗ ನಿಲ್ಲಿಸು ಎಂದು ಯಾರು ಹೇಳಿದ್ದರು, ತಲೆಯಲ್ಲಿ ಏನಿದೆ, ಹೀಗೆ. ತಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡು ಕಡೆಗೆ ಒಂದೇ ಮಾತು ಹೇಳಿದ: ‘ಆಕಿ ಬ್ಯಾಡ ಅಂದ್ರ ಬಿಟ್ಟಬಿಡೂಣು.’ ಅವನು ಬಾಯಿ ಬಿಟ್ಟದ್ದೇ ಅಪರೂಪ, ಬಿಟ್ಟು ಆಡಿದ್ದು ಇಂಥ ಮಾತು. ನಾನೂ ತಂಗಿಯೂ ಸೇರಿ ಅವನನ್ನು ಝಾಡಿಸಿದೆವು. ಆಮೇಲೆ ನಾವಿಬ್ಬರೇ ಜಗಳಕ್ಕೆ ಬಿದ್ದೆವು. ಅವಳು ಹುಬ್ಬಳ್ಳಿ ಎಂದಳು, ನಾನು ರೋಣ ಎಂದೆ. ಡಯಾಲಿಸಿಸ್ ಬಿಡಬಾರದು ಎನ್ನುವುದರಲ್ಲಿ ಇಬ್ಬರೂ ಒಂದೇ, ಆದರೂ ಕೂಗಾಡಿದೆವು. ಕೂಗಾಡದಿದ್ದರೆ ಅಳಬೇಕಾಗುತ್ತಿತ್ತು.

‘ಹೆತ್ತವ್ವ ಆಗಿದ್ರ ಹಿಂಗ ಬಿಡ್ತಿದ್ರೇನು?’ ಎಂದಳು ತಂಗಿ, ತಮ್ಮನಿಗೂ ನನಗೂ ಕೂಡಿಸಿ. ‘ಹೊಟ್ಟೀಲೆ ಹುಟ್ಟಿದವರಲ್ಲ, ಅದಕ್ಕ ಬಿಟ್ರು ಅಂತ ನಾಳೆ ಮಂದಿ ಅನ್ನೂದಿಲ್ಲೇನು?’

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ಹಗಲು ರಾತ್ರಿ ನನ್ನ ತಲೆಯಲ್ಲೂ ಅದೇ ಇತ್ತು. ನಮ್ಮ ಮೂವರಿಗೂ ಈ ಹೆಂಗಸಿನ ಮೇಲೆ ಮಕ್ಕಳ ಹಕ್ಕಿಲ್ಲ. ಮಕ್ಕಳಾಗಿದ್ದರೆ ಧೈರ್ಯವಾಗಿ ಏನಾದರೊಂದು ತೀರ್ಮಾನ ಮಾಡಬಹುದಿತ್ತೇನೋ. ಅಲ್ಲ ಎನ್ನುವ ಕಾರಣಕ್ಕೇ ನಾವು ಹೆಚ್ಚು ಹಟದಿಂದ ಅವಳನ್ನು ಹಿಡಿದುಕೊಂಡಿದ್ದೆವು.

ಅತ್ತಿ ಮಲಗಿದಲ್ಲಿಂದಲೇ ಕೈ ಎತ್ತಿದಳು.

‘ನಿಮ್ಮವ್ವನ್ನ ಗಾಡ್ಯಾಗ ಹಾಕ್ಕೊಂಡು ದವಾಖಾನಿಗೆ ಹೊಂಟಾಗ ಆಕಿ ಮನಿಗೆ ಕರಕೊಂಡು ನಡೀರಿ, ಮಕ್ಕಳನ್ನ ನೋಡಬೇಕು ಅಂತ ಅಂದ್ಲು. ಯಾರೂ ಕೇಳಲಿಲ್ಲ. ದಾರ್ಯಾಗ ಹ್ವಾದ್ಲು. ನಾ ಗಾಡ್ಯಾಗ ಇದ್ದೆ. ನನ್ನ ಮಾತರ ಕೇಳ್ರಿ.’

ಇದನ್ನು ಅತ್ತಿ ನಮಗೆ ಎಂದೂ ಹೇಳಿರಲಿಲ್ಲ. ತಂಗಿ ಬಾಗಿಲ ಬಳಿ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಇನ್ನು ಯಾರಿಗೂ ಜಗಳಾಡಲು ಮನಸ್ಸಾಗಲಿಲ್ಲ.

ಒಂದು ಸಲ ಮಾತ್ರ ಬಾ, ರೋಣದ ಡಾಕ್ಟರ ಬಾಯಿಂದಲೇ ಎಲ್ಲ ಕೇಳು, ಆಮೇಲೆ ನಿನ್ನ ಇಷ್ಟ ಎಂದು ನಾನು ಬೇಡಿಕೊಂಡೆ. ಡಾಕ್ಟರು ಹೆದರಿಸಿಯಾರು, ಇವಳ ಹಟ ಇಳಿದೀತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಅತ್ತಿ ಬಂದಳು. ಆ ಡಾಕ್ಟರು ಸಣ್ಣ ವಯಸ್ಸಿನವರು, ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು ಕೂತರು. ನಮ್ಮ ಕಡೆ ನೋಡದೆ ಅತ್ತಿಯ ಜೊತೆಗೇ ಮಾತಾಡಿದರು. ನಿಲ್ಲಿಸಿದರೆ ಮೈಯಲ್ಲಿ ನೀರು ತುಂಬುತ್ತದೆ, ಉಸಿರಿಗೆ ತ್ರಾಸಾಗುತ್ತದೆ, ಆಮೇಲೆ ಮಂಪರು ಹೆಚ್ಚುತ್ತದೆ. ಒಂದೆರಡು ವಾರ ಇರಬಹುದು, ಹೆಚ್ಚು ಕಡಿಮೆಯೂ ಆಗಬಹುದು. ಉಸಿರಿನ ತ್ರಾಸಿಗೆ ಔಷಧ ಕೊಡುತ್ತೇವೆ, ಮನೆಯಲ್ಲೇ ಕೊಡುವುದು ಹೇಗೆಂದು ಇವರಿಗೆ ಕಲಿಸುತ್ತೇವೆ. ಯಾವ ದಿನ ಮನಸ್ಸು ಬದಲಾದರೂ ಬರಬಹುದು.

‘ಯಾರಾದ್ರೂ ನಿಮಗ ಸಾಕು ಬಿಡ್ರಿ ಅಂದಾರೇನ್ರಿ ಅಮ್ಮಾರ?’ ಎಂದು ಕೇಳಿದರು.

‘ಇಲ್ಲಪಾ. ಎಲ್ಲಾರೂ ಇರಬೇಕಂತಾರ. ಅದ ತ್ರಾಸ.’

‘ಮತ್ತ ಯಾಕ ಬ್ಯಾಡ ಅಂತೀರಿ?’

‘ಒಂದ ದಿನ ಯಂತ್ರಕ್ಕ, ಒಂದ ದಿನ ಹಾಸಿಗಿಗೆ’ ಎಂದಳು ಅತ್ತಿ. ‘ನನಗ ಯಾವ ದಿನ?’

ಡಾಕ್ಟರು ಅವಳ ಕಾಗದಗಳನ್ನು ಮಡಚಿಟ್ಟರು. ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತು ಪ್ರತಿ ಪ್ರಶ್ನೆಗೂ ಉತ್ತರ ಇದ್ದೇ ಇರುತ್ತದೆಂದು ಮಕ್ಕಳಿಗೆ ಹೇಳುತ್ತ ಬಂದವಳು ನಾನು. ಅತ್ತಿಯ ಪ್ರಶ್ನೆಯ ಮುಂದೆ ಕೂತು, ಅವಳು ಮಾಡುತ್ತಿರುವುದು ಸರಿ ಎಂದು ನನ್ನ ಬುದ್ಧಿಗೆ ತಿಳಿಯಿತು. ಮನಸ್ಸು ಮಾತ್ರ ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ.

ಆ ದಿನ ಕೊನೆಯ ಸಲ ಯಂತ್ರಕ್ಕೆ ಕೈ ಒಡ್ಡಿ, ಗಜೇಂದ್ರಗಡಕ್ಕೆ ಹೋದಳು. ನಾನು ಶಾಲೆಗೆ ರಜೆ ಹಾಕಿ ಜೊತೆಗೆ ಹೋದೆ. ತಂಗಿಯೂ ಬಟ್ಟೆ ತುಂಬಿದ ಚೀಲ ತಂದು ಅಲ್ಲೇ ಉಳಿದಳು. ಮೊದಲು ಯಾರ ಜೊತೆಗೂ ಮಾತಾಡದೆ ಮುಖ ಊದಿಸಿಕೊಂಡಿದ್ದವಳು, ಎರಡನೆಯ ದಿನ ಅತ್ತಿಯ ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತ ಕೂತಳು. ತಮ್ಮ ದಿನವಿಡೀ ನೇಯ್ದ. ಅತ್ತಿ ನೀರು ಕೇಳಿದಾಗ ನನ್ನ ಕೈ ರೂಢಿಯಂತೆ ಲೋಟದ ತಳಕ್ಕಷ್ಟೇ ಹಾಕಿತು. ‘ಇನ್ನೂ ಯಾಕ ಅಳಿತೀಯ?’ ಎಂದಳು. ತುಂಬಿ ಕೊಟ್ಟೆ. ಅವಳು ನಿಲ್ಲದೆ ಕುಡಿದದ್ದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಪ್ರತಿ ಗುಟುಕೂ ಅವಳ ಆಯುಷ್ಯ ಕಳೆಯುತ್ತಿದೆ ಎನ್ನುವುದೇ ನನ್ನ ತಲೆಯಲ್ಲಿತ್ತು.

ಅತ್ತಿ ಯಂತ್ರಕ್ಕೆ ಹೋಗಬೇಕಿದ್ದ ದಿನ ಬಂತು, ನಾವು ಯಾರೂ ಅದರ ಮಾತೆತ್ತಲಿಲ್ಲ. ಬೆಳಗಿನ ಹೊತ್ತು ಅತ್ತಿ ಗೋಡೆಗೆ ಒರಗಿ ಕೂತು ತಂಗಿಯಿಂದ ಜಜ್ಜಿದ ಎಲೆ-ಅಡಿಕೆ ಹಾಕಿಸಿಕೊಂಡಿದ್ದಳು. ನನ್ನ ಫೋನು ರಿಂಗಾಯಿತು, ಮಗ್ಗದ ಸಪ್ಪಳಕ್ಕೆ ಕೇಳಲೆಂದು ಸ್ಪೀಕರ್ ಹಚ್ಚಿದೆ. ರೋಣದ ಡಯಾಲಿಸಿಸ್ ಕೋಣೆಯ ನರ್ಸು. ಹೊಸದಾಗಿ ಬಂದವಳಿರಬೇಕು, ನನಗೆ ದನಿಯ ಗುರುತಿರಲಿಲ್ಲ.

‘ಮೇಡಂ, ನಿಮ್ಮ ಪೇಶಂಟ್ ಇವತ್ತ ಬಂದಿಲ್ಲಲ್ರಿ. ಇನ್ನ ಬರೂದಿಲ್ಲ ಅಂದ್ರ ಈ ಹಾಸಿಗಿ ಬ್ಯಾರೆಯವರಿಗೆ ಕೊಡ್ತೀವ್ರಿ. ಅಬ್ಬಿಗೇರಿಯವರೊಬ್ರು ಭಾಳ ದಿನದಿಂದ ಕಾಯಾಕತ್ತಾರ್ರಿ.’ ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದಳು: ‘ತೀರಿಕೊಂಡ್ರೇನ್ರಿ?’

ನನಗೆ ‘ಕೊಡ್ರಿ’ ಎನ್ನಲು ಬಾಯಿ ಬರಲಿಲ್ಲ. ಅದನ್ನು ಅಂದರೆ ಎಲ್ಲ ಮುಗಿಯುತ್ತಿತ್ತು. ಡಾಕ್ಟರು ತೆರೆದಿಟ್ಟಿದ್ದ ಬಾಗಿಲನ್ನು ಅತ್ತಿಯ ಎದುರಿಗೇ ಕೂತು ನಾನು ಮುಚ್ಚಬೇಕಿತ್ತು. ‘ಹಲೋ, ಮೇಡಂ?’ ಎನ್ನುತ್ತಿದ್ದಳು ನರ್ಸು. ಅತ್ತ ಲಾಳಿಯ ಸಪ್ಪಳದ ನಡುವೆಯೂ ಅತ್ತಿಗೆ ಎಲ್ಲ ಕೇಳಿಸಿತ್ತು. ಕೈ ಚಾಚಿದಳು. ಫೋನು ಕೊಟ್ಟೆ.

‘ಯವ್ವಾ, ನಾನ ಮಾತಾಡಾಕತ್ತೀನಿ’ ಎಂದಳು. ‘ನಾ ಬರೂದಿಲ್ಲ. ಅವರಿಗೆ ಕೊಡು. ಗಂಡಸೋ ಹೆಂಗಸೋ?’

ಹೆಂಗಸಂತೆ.

‘ಆಕಿಗೆ ಹೇಳು, ಮದ್ಲನೇ ದಿನ ಭಾಳ ಅಂಜಿಕಿ ಬರತೈತಿ. ನನಗ ಎದಿ ಒಡದ ಹೋಗ್ತೈತೇನೋ ಅನ್ನಂಗ ಆಗಿತ್ತು. ಕೈ ಹಿಡಕೊಳ್ಳಾಕ ಯಾರನ್ನರ ಕರಕೊಂಡು ಬಾ ಅಂತ ಹೇಳು.’

ಅವಳಿಗೆ ಫೋನು ಬಂದ್ ಮಾಡಲು ಬರುತ್ತಿರಲಿಲ್ಲ. ಹಾಗೇ ನನ್ನ ಕೈಗಿಟ್ಟಳು, ನಾನು ಬಂದ್ ಮಾಡಿದೆ.

ಆ ಮೊದಲ ದಿನ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನಳಿಗೆ ತೋರಿಸುತ್ತ, ರಕ್ತ ಹೇಗೆ ತಿರುಗುತ್ತದೆಂದು ಹೇಳುತ್ತಿದ್ದೆ. ನನ್ನ ಎರಡೂ ಕೈ ಪಾಠದಲ್ಲಿದ್ದವು.

ತಂಗಿ ಎದ್ದು ಒಳಗೆ ಹೋದಳು. ನಾನು ಅತ್ತಿಯ ಹತ್ತಿರ ಸರಿದು ಕೂತು ಅವಳ ಕೈ ತೆಗೆದುಕೊಂಡೆ.

‘ಅತ್ತಿ, ಈಗ ಅಂಜಿಕಿ ಬರತೈತೇನು?’

‘ಹೂಂ’ ಎಂದಳು.